ಕೊಸರಿನ ಕೈ

೩ ಜುಲೈ ೧೯೩೪, ಮಂಗಳವಾರ

ಮುಂಬಯಿಯ ಲಾಟಸಾಹೇಬರು ಇದುವರೆಗೆ ಹೊಡೆದ ಹುಲಿಗಳೆಲ್ಲ ಸತ್ತದ್ದು ನನ್ನ ಕೈಯಿಂದ. ಬಂದೂಕಿನ ಕುದುರೆ ಎಳೆದವರು ಅವರು, ಅಷ್ಟೇ. ಕಾಡತೂಸು ತುಂಬಿದವನು ನಾನು.

ಇವತ್ತೂ ಎಂಟಕ್ಕೆ ದಂಡಿನ ಪೇಟೆ ಲಷ್ಕರದಲ್ಲಿ ಫ್ರಾಮಜಿ ಶೇಟರ ಬಂದೂಕಿನ ಅಂಗಡಿ. ಹಾರಿಸಿದ ರಿವಾಲ್ವರ್ ಕಾಡತೂಸಿನ ಖಾಲಿ ಕೊಳವೆಗೆ ಹೊಸ ಕ್ಯಾಪು, ಮದ್ದು, ಗುಂಡು. ಸತ್ತದ್ದಕ್ಕೆ ಮತ್ತೆ ಜೀವ. ಇಷ್ಟು ವರ್ಷ ಕರಿಮದ್ದು ತುಂಬಿದೆ. ಈ ತಿಂಗಳಿಂದ ಹೊಗೆಯಿಲ್ಲದ ವಿಲಾಯತಿ ಮದ್ದು. ಶೇಟರು ಪುಟ್ಟ ಹಿತ್ತಾಳೆ ಚಮಚ ಕೊಟ್ಟು ಮರಾಠಿಯಲ್ಲಿ ಪಾಠ ಹೇಳಿದರು — ತುಂಬು, ಕಾರ್ಡಿನ ಅಂಚಿನಿಂದ ಸಮ ಮಾಡು, ಸುರಿ, ಆಮೇಲೆ ಮುಟ್ಟಬೇಡ. ಕರಿಮದ್ದು ಹೆಚ್ಚಾದರೆ ಹೊಗೆ ಹೆಚ್ಚು. ಇದು ಹೆಚ್ಚಾದರೆ ರಿವಾಲ್ವರೇ ಒಡೆದು ಕೈ ಹೋಗುತ್ತದೆ.

ನನಗೆ ಹೇಳುತ್ತಾರೆ. ನರೇಂದ್ರದ ಸಾಲೆಯಲ್ಲಿ ನಾಲ್ಕನೇ ಇಯತ್ತೆಗೆ ಲೆಕ್ಕದಲ್ಲಿ ಎರಡು ಸಲ ಮೊದಲಿಗ ನಾನು. ಎರಡು ವರ್ಷ ಅಲ್ಲೇ ಇದ್ದೆ. ಮುಂದೆ ಹುಬ್ಬಳ್ಳಿಯ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿದು ಪಳಗಿದ ಕೈ.

೫ ಜುಲೈ, ಗುರುವಾರ

ರೇಸಕೋರ್ಸ್ ಹತ್ತಿರದ ಡಾಕ್ಟರ ತಕರಾರು. ನಮ್ಮ ಕಾಡತೂಸು ಒಂದು ಮೇಲೆ ಹೋಗುತ್ತದೆ, ಒಂದು ಕೆಳಗೆ. ಶೇಟರು ಅವರ ಪೆಟ್ಟಿಗೆಯಿಂದ ಐದು ಬಿಚ್ಚಿ ಮದ್ದು ತೂಗಿದರು. ಮೂರು ಸರಿ, ಎರಡು ಭಾರ.

"ಮಳೆಗಾಲ ಶೇಟಜಿ, ಮದ್ದು ತಂಪು ಹಿಡದದ," ಅಂದೆ.

"ಐದೂ ಒಂದೇ ಡಬ್ಬಿಯೊಳಗಿದ್ದವು. ಎರಡಕ್ಕೆ ಮಾತ್ರ ಮಳೆ ಬಂತೇನು?"

ಪಾರ್ಸಿ ಜನಕ್ಕೆ ಮಳೆಯ ಸ್ವಭಾವ ಗೊತ್ತಿಲ್ಲ. ತಕ್ಕಡಿಯದೇ ಏನೋ ದೋಷ ಇರಬೇಕು.

೭ ಜುಲೈ, ಶನಿವಾರ

ಅಣ್ಣನ ಮಗಳು ಇಂದೂಳ ಗಂಡ ಬಾಳಕೃಷ್ಣ ಬಂದಿದ್ದ. ತಳೇಗಾಂವದ ಕಡೆ ಜಂಗಲ್ ಖಾತೆಯಲ್ಲಿ ರೇಂಜರ್. ಚಿರತೆ ಹಟ್ಟಿಗೆ ನುಗ್ಗುತ್ತಿದೆಯಂತೆ. ಅವನ ರಿವಾಲ್ವರ್ ಅವನ ಅಪ್ಪನ ಕಾಲದ್ದು. ಪೆಟ್ಟಿಗೆ ನಾನೇ ಕೂತು ತುಂಬಿಕೊಟ್ಟೆ. ಎಷ್ಟಾದರೂ ಮನೆಯ ಅಳಿಯ.

"ನಿಮ್ಮ ಕೈದು ಅಂದ್ರ ಚಿರತಿ ತಾನ ಬಂದು ಮುಂದ ನಿಲ್ತದ, ಕಾಕಾ."

"ನಿಲ್ಲದೇ ಏನ್ ಮಾಡ್ತದ? ನನ್ನ ಹೆಸರು ಹೇಳು, ಕೂತೇ ಬಿಡ್ತದ."

ನಾಳೆ ಬೆಳಿಗ್ಗೆ ತನ್ನೂರ ಕಲ್ಲಿನ ಖಣಿಯಲ್ಲಿ ಗುರಿ ಹೊಡೆದು ನೋಡುತ್ತಾನಂತೆ.

೮ ಜುಲೈ, ರವಿವಾರ. ಬೆಳಿಗ್ಗೆ ಏಳು

ಸ್ಟೇಷನ್. ಗಾಡಿ ಇನ್ನೂ ಬಂದಿಲ್ಲ. ಬರುವವರೆಗೆ ಬರೆಯುತ್ತೇನೆ.

ಬೆಳಿಗ್ಗೆ ಎದುರುಮನೆ ಗಂಗೂಬಾಯಿ ಅಕ್ಕಿ ಕಡ ಕೇಳಲು ಬಂದರು. ಅಳೆದು ಕೊಟ್ಟೆ. ಅವರು ಹೋದ ಮೇಲೆ ಹೆಂಡತಿ ಗೋದಾ ನಗತೊಡಗಿದಳು.

"ಕೊಸರು ಹಾಕೂ ಚಟ ಇನ್ನೂ ಬಿಟ್ಟಿಲ್ಲ ನೋಡ್ರಿ ನಿಮ್ಮನ್ನ."

"ಯಾವ ಕೊಸರು? ಸೇರು ಸಮ ಮಾಡೇ ಕೊಟ್ಟೀನಿ."

"ಬಲಗೈ ಸಮ ಮಾಡ್ತು. ಎಡಗೈ ಮ್ಯಾಲೆ ಚಿಟಿಕಿ ಹಾಕ್ತು. ಗಂಗೂಬಾಯಿ ನಿಮ್ಮ ಮೀಸಿ ಹೊಗಳಿದ್ರಲ್ಲ, ಅದಕ್ಕ. ಮೊನ್ನೆ ಹಾಲಿನಾಂವ ಜಗಳಾಡಿದ್ದ. ಅವಂಗ ಜೋಳ ಅಳದಾಗ ಒಂದ್ ಕಾಳ್ ಮ್ಯಾಲೆ ಬೀಳಲಿಲ್ಲ."

ಎಡಗೈ ನೋಡಿಕೊಂಡೆ. ಬೆರಳಿಗೆ ಎರಡು ಅಕ್ಕಿಕಾಳು ಅಂಟಿದ್ದವು. ಹಾಕಿದ್ದು ನನಗೇ ಗೊತ್ತಿಲ್ಲ.

ಆಗ ಹೊಳೆಯಿತು. ಡಾಕ್ಟರ ಪೆಟ್ಟಿಗೆ ಅರ್ಧ ತುಂಬಿದಾಗ ಅವರು ಅಂಗಡಿಗೆ ಬಂದು ನನ್ನ ಕೆಮ್ಮಿಗೆ ಪುಕ್ಕಟೆ ಔಷಧ ಕೊಟ್ಟಿದ್ದರು. ಮಿಕ್ಕ ಅರ್ಧ ತುಂಬಿದ್ದು ಆಮೇಲೆ. ಗಿರಾಕಿ ಬೇಕಾದವನಾದರೆ ಕೈ ತಾನೇ ಮೇಲೊಂದು ಚಿಟಿಕೆ ಹಾಕುತ್ತದೆ, ಕಿರಾಣಿಯಲ್ಲಿ ಬೆಲ್ಲಕ್ಕೆ ಹಾಕಿದಂತೆ.

ಹಾಗಾದರೆ ಅಳಿಯನಿಗೆ ಎಷ್ಟು ಹಾಕಿದ್ದೇನೋ. ಗಾಡಿ ಬಂತು —

ಅದೇ ದಿನ, ಸಂಜೆ. ತಳೇಗಾಂವ

ಬದುಕಿದೆ. ಅವನೂ ಬದುಕಿದ್ದಾನೆ.

ಖಣಿಯ ಹತ್ತಿರ ಟಾಂಗಾ ನಿಲ್ಲುವುದಕ್ಕೂ ಒಳಗೊಂದು ಢಂ ಅನ್ನುವುದಕ್ಕೂ ಸರಿಹೋಯಿತು. ಟಾಂಗಾದ ಕಂಬಿ ಹಿಡಿದು ನಿಂತುಬಿಟ್ಟೆ. ಇಂದೂಳ ಮುಖ ಕಣ್ಣೆದುರು. ಆಮೇಲೆ ಇನ್ನೊಂದು ಢಂ. ಕೈ ಹೋದವನು ಎರಡನೆಯದು ಹೊಡೆಯುವುದಿಲ್ಲ. ಓಡಿದೆ.

ಕಲ್ಲಿನ ಮೇಲೆ ತೆಂಗಿನ ಕರಟ ಇಟ್ಟು ಹೊಡೆಯುತ್ತಿದ್ದ.

"ಯಾವ ಪೆಟಗೀದು ಅದು?"

"ಹಳೇದು, ಕಾಕಾ. ನಿಮ್ಮವು ಚಿರತಿಗೆ ಇಟ್ಟೀನಿ. ಕರಟಕ್ಕ ಯಾಕ ಹಾಳ್ ಮಾಡ್ಲಿ?"

ಅಲ್ಲೇ ಕೆಸರಿನಲ್ಲಿ ಕುಳಿತುಬಿಟ್ಟೆ. ಪೆಟ್ಟಿಗೆ ಕಸಿದು ಮಡಿಲಲ್ಲಿ ಇಟ್ಟುಕೊಂಡೆ. ಎಣಿಸಿದೆ. ಎಲ್ಲವೂ ಇದ್ದವು. ಶೇಟರು ಪೆಟ್ಟಿಗೆ ಬದಲಿಸಿದ್ದಾರೆ ಎಂದು ಹೇಳಹೊರಟವನು ಅರ್ಧಕ್ಕೇ ಬಿಟ್ಟೆ. ಇದ್ದದ್ದನ್ನೇ ಹೇಳಿದೆ.

ಮನೆಯಲ್ಲಿ ಇಂದೂ ನನ್ನ ಕಾಲು ನೋಡಿದಳು. "ಬರಿಗಾಲಿಲೆ ಬಂದೀರಲ್ಲ ಕಾಕಾ, ಚಪ್ಪಲಿ ಎಲ್ಲಿ?"

"ಕಾಕಾಗ ನನ್ನ ಮ್ಯಾಲೆ ಭಾಳ ಪ್ರೀತಿ," ಅಂದ ಬಾಳಕೃಷ್ಣ. "ಇನ್ನೊಂದ್ ಚಿಟಿಕಿ ಪ್ರೀತಿ ಮಾಡಿದ್ರ ನೀ ಇವತ್ತ ಕುಂಕುಮ ಅಳಿಸ್ತಿದ್ದಿ."

ಅವಳು ನಗಲಿಲ್ಲ. ನಾನು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಐದು ರೊಟ್ಟಿ ತಿಂದೆ.

೧೦ ಜುಲೈ, ಮಂಗಳವಾರ

ಶೇಟರೆದುರು ಅಳಿಯನ ಕಾಡತೂಸು ಒಂದು ಬಿಚ್ಚಿ ತೂಗಿದೆವು. ತಕ್ಕಡಿಯ ಮುಳ್ಳು ಹೆಚ್ಚಿನ ಕಡೆ ಕೊನೆಯವರೆಗೂ ವಾಲಿತು. ಶೇಟರು ಬಯ್ಯಲಿಲ್ಲ. ಕುರ್ಚಿಗೆ ಒರಗಿ ಹಣೆಯ ಬೆವರು ಒರೆಸಿಕೊಂಡರು. ಆಮೇಲೆ, "ಆ ಎಡಗೈ ಮೇಲೆ ಕೂತುಕೋ."

ಕುಳಿತೆ. ಚಮಚ, ಕಾರ್ಡು, ಸುರಿ. ಹತ್ತು ಸಲ. ಹತ್ತೂ ಒಂದೇ ತೂಕ. ಇಂಥ ಕೈ ಇಡೀ ಲಷ್ಕರದಲ್ಲಿ ಇಲ್ಲ. ಬಲಗೈ ಮಾತು ಹೇಳುತ್ತಿದ್ದೇನೆ.

ಈ ಮದ್ದಿನಿಂದ ನಾನು ತುಂಬಿ ಕೊಟ್ಟ ಪೆಟ್ಟಿಗೆಗಳೆಲ್ಲ ವಾಪಸು ಬರಬೇಕು. ಖರ್ಚು ನನ್ನದು. ನ್ಯಾಯವೇ.

೧೯ ಜುಲೈ, ಗುರುವಾರ

ಕೊನೆಯ ಪೆಟ್ಟಿಗೆ ಇವತ್ತು ಬಂತು. ಯಾರ ಬೆರಳೂ ಹೋಗಿಲ್ಲ. ರಾತ್ರಿ ನಿದ್ದೆ ಬರುತ್ತದೆ ಈಗ, ಗೊರಕೆಯೆಂದು ಗೋದಾಳ ತಕರಾರು ಬರುವಷ್ಟು.

"ಎಷ್ಟು ಹೋತ್ರಿ ಎಲ್ಲಾ ಕೂಡಿ?" ಅಂತ ಕೇಳಿದಳು.

"ಎರಡ್ ರೂಪಾಯಿ. ಭಾಳ ಅಂದ್ರ ಎರಡೂವರಿ."

ಬಾಳಕೃಷ್ಣನಿಗೆ ಐದು ಎಂದು ಕಾಗದ ಬರೆದು ಹಾಕಿದ್ದೇನೆ. ಅವನು ಕೊಡಲು ಬಂದರೆ ಎಂದು ಹೆದರಿ.

ಇಲ್ಲಿ ಓದುವವರು ಯಾರೂ ಇಲ್ಲ. ಒಂಬತ್ತು. ಅಲ್ಲ... ಡಾಕ್ಟರದು ಬಿಟ್ಟುಹೋಯಿತು, ಟಾಂಗಾ ಬಿಟ್ಟುಹೋಯಿತು. ಇಪ್ಪತ್ತಮೂರು ರೂಪಾಯಿ ಹತ್ತಾಣೆ. ಪಗಾರಕ್ಕಿಂತ ಒಂದು ಚಿಟಿಕೆ ಹೆಚ್ಚು.