ಕಪ್ಪು ಬಟ್ಟೆಗೆ ಕಪ್ಪು ದಾರ

ಫೆಬ್ರವರಿ 6, ಗುರುವಾರ. ಮಧ್ಯಾಹ್ನ

ಊಟವಾಗಿ ಎರಡು ಗಂಟೆಗೆ ಬೆರಳು ಚುಚ್ಚಿದೆ. ಸಕ್ಕರೆ 262. ಮತ್ತೆ! ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 114 ಇತ್ತು, ಕೈಕಟ್ಟಿ ಕೂತ ಒಳ್ಳೆ ಹುಡುಗನ ಹಾಗೆ. ಉಂಡ ಮೇಲೆ ಅದರೊಳಗೆ ಅದೇನು ಹೊಗುತ್ತದೋ. ಮಾತ್ರೆ ಅದೇ, ತಟ್ಟೆ ಅದೇ, ತಟ್ಟೆಯೊಳಗಿನದೂ ಅದೇ. ಹೋದ ವರ್ಷವೆಲ್ಲ ಊಟದ ನಂತರ 180 ದಾಟಿದ್ದು ಅಪರೂಪ. ಸಿಹಿಯ ಮುಖ ನೋಡಿ ಎಷ್ಟೋ ಕಾಲವಾಯಿತು. ಎನಿವೇ...

ಬೆರಳು ಚುಚ್ಚಿಕೊಳ್ಳುವುದು ಟೇಲರ್‌ಗೆ ಹೊಸದೇ? ಮೊದಲು ಪುಕ್ಕಟೆ ಚುಚ್ಚಿಕೊಳ್ಳುತ್ತಿದ್ದೆ, ಈಗ ದುಡ್ಡು ಕೊಟ್ಟು ಚುಚ್ಚಿಕೊಳ್ಳುತ್ತೇನೆ. ಪ್ರೋಗ್ರೆಸ್.

ಕಣ್ಣಿನ ಡಾಕ್ಟರಮ್ಮ ಖಡಾಖಂಡಿತ. ಪೊರೆ ತೆಗೆಯಬೇಕಾದರೆ ಊಟದ ನಂತರದ ಸಕ್ಕರೆ 200ರ ಒಳಗೆ ಬರಬೇಕು. ಜೂನ್‌ನಲ್ಲಿ ಮಗಳು ವಕೀಲೆಯಾಗಿ ಪ್ರಮಾಣ ಮಾಡುತ್ತಾಳೆ. ಅವತ್ತಿನ ಕೋಟು ನಾನೇ ಹೊಲಿಯಬೇಕು. ಕೋರ್ಟಿನ ಅರ್ಧಕ್ಕರ್ಧ ವಕೀಲರ ಬೆನ್ನಿನ ಅಳತೆ ಈ ಟೇಪಿಗೆ ಬಾಯಿಪಾಠ! ಆದರೆ ಕಪ್ಪು ಬಟ್ಟೆಗೆ ಕಪ್ಪು ದಾರ... ಹೊಲಿಗೆ ಎಲ್ಲಿ ಶುರು, ಎಲ್ಲಿ ಮುಗಿಯಿತು, ಈ ಕಣ್ಣಿಗೆ ಕಾಣುವುದಿಲ್ಲ. ಅಂಗಿ, ಪೈಜಾಮ ಹೇಗೋ ಸಾಗುತ್ತದೆ. ಕಪ್ಪು ಮಾತ್ರ ಗುಟ್ಟು ಬಿಡುವುದಿಲ್ಲ.

ಫೆಬ್ರವರಿ 9, ಭಾನುವಾರ

ಮಗಳಿಗೆ ರಜೆ. ಅವಳ ಬಗ್ಗೆ ಎಷ್ಟು ಸಲ ಬರೆದರೂ ಕೈ ಸೋಲುವುದಿಲ್ಲ. ಹಗಲು ಗೋದಾಮಿನ ಆಫೀಸಿನಲ್ಲಿ ಬಿಲ್ಲು ಬರೆದು, ಸಂಜೆ ಕಾಲೇಜಿಗೆ ಓಡಿ, ನಲವತ್ತರ ಹೊಸ್ತಿಲಲ್ಲಿ ಲಾ ಪಾಸು ಮಾಡಿದವಳು. ಅದೂ ಫಸ್ಟ್ ಕ್ಲಾಸ್. ನಾನು ಬಿ.ಎ. ಎರಡನೇ ವರ್ಷಕ್ಕೆ ಪುಸ್ತಕ ಮುಚ್ಚಿ ಮಷೀನಿನ ಮುಂದೆ ಕೂತವನು. ನನ್ನ ಇಂಗ್ಲಿಷು ಬರೀ ತೇಪೆ. ಅವಳದು ಬಟ್ಟೆಯ ಇಡೀ ಥಾನು.

ಉಣ್ಣುವಾಗ ಮಾತು ತೆಗೆದಳು.

"ಅಪ್ಪಾ, ಅಷ್ಟು ತಲೆ ಕೆಡಿಸ್ಕೋಬೇಡ. ರೆಡಿಮೇಡ್ ಕೋಟ್ ಸಿಗುತ್ತೆ."

"ಸಿಗುತ್ತೆ. ಗೋಣಿಚೀಲಾನೂ ಸಿಗುತ್ತೆ."

"ಎಲ್ಲರೂ ಅದನ್ನೇ ಹಾಕ್ಕೋತಾರಪ್ಪ."

"ಅದಕ್ಕೇ ಎಲ್ಲರೂ ಮೊಳೆಗೆ ನೇತುಹಾಕಿದ ಹಾಗೆ ಕಾಣ್ತಾರೆ."

ನಕ್ಕಳು. ಆದರೂ ಬಿಡಲಿಲ್ಲ. ಮಾರ್ಚ್ ಮುಗಿಯುವುದರೊಳಗೆ ಕಣ್ಣಿನ ಆಪರೇಷನ್ ಆಗದಿದ್ದರೆ ಸೀದಾ ಅಂಗಡಿಗೆ ಹೋಗುತ್ತಾಳಂತೆ. ಇನ್ನೂ ವಕೀಲೆಯಾಗಿಲ್ಲ, ಆಗಲೇ ನೋಟಿಸು!

ನಮ್ಮ ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ಗೋಡೆಯಾಚೆ ಇಸ್ತ್ರಿಯವನು. ಅವನ ಕಿವಿಗೆ ಬಾಗಿಲಿಲ್ಲ. "ಏನ್ ಮಾಸ್ಟ್ರೇ, ಟೇಲರ್ ಮಗಳಿಗೆ ರೆಡಿಮೇಡಂತೆ? ಇಸ್ತ್ರಿ ಮಾಡೋ ಭಾಗ್ಯನಾದ್ರೂ ನನಗಿರ್ಲಿ!" ಅವನ ನಗು ಕೇಳದ ಹಾಗೆ ಮಷೀನನ್ನು ಜೋರಾಗಿ ಓಡಿಸಿದೆ.

ಫೆಬ್ರವರಿ 18, ಮಂಗಳವಾರ

ಅನ್ನ ಅರ್ಧ ಮಾಡಿದೆ — 249. ತರಕಾರಿ ದುಪ್ಪಟ್ಟು ಮಾಡಿದೆ — 255. ಮೀಟರೇ ಕೆಟ್ಟಿರಬೇಕು ಎಂದು ಇಸ್ತ್ರಿಯವನ ಬೆರಳು ಚುಚ್ಚಿದೆ. ಕೊಂದೇಬಿಟ್ಟರು ಅನ್ನುವ ಹಾಗೆ ಕಿರುಚಿದ. 104. ಊಟದ ಮೇಲೆ ಎರಡು ಬಾಳೆಹಣ್ಣು ನುಂಗಿದವನಿಗೆ ನೂರಾ ನಾಲ್ಕು! ಜಸ್ಟಿಸ್ ಎಲ್ಲಿದೆ?

ಸಕ್ಕರೆ ಡಾಕ್ಟರು ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. ಇದೇ ಥರ ಏರಿದರೆ ಇನ್ಸುಲಿನ್ ಶುರು ಮಾಡೋಣ ಅಂದರು. ಒಂದು ತಿಂಗಳು ಟೈಮ್ ಕೇಳಿದೆ. ಮಾತ್ರೆ ತಪ್ಪಿಸಬಾರದು ಎಂದು ಷರತ್ತು ಹಾಕಿ ಒಪ್ಪಿದರು.

ಮನೆಗೆ ಬಂದು ಸಿಟ್ಟಿನಲ್ಲೇ ಹೊಲಿದೆ. ಸಿಟ್ಟಿಗೂ ಈಗ ಸುಖ — ಜನವರಿಯಲ್ಲಿ ಮಗಳು ಓವರ್‌ಟೈಮ್ ಮಾಡಿ ಮಷೀನಿಗೆ ಮೋಟಾರು ಹಾಕಿಸಿದ್ದಾಳೆ. "ಇನ್ನು ಕಾಲು ನೋಯಿಸ್ಕೋಬೇಡಪ್ಪ" ಅಂದಳು. ಬೆರಳ ತುದಿಯಷ್ಟು ಒತ್ತಿದರೆ ಗುಂಯ್ ಎಂದು ಓಡುತ್ತದೆ. ಬಂದ ಗಿರಾಕಿಗಳಿಗೆ ಮೊದಲು ಮೋಟಾರಿನ ದರ್ಶನ, ಆಮೇಲೆ ಅಳತೆ.

ಫೆಬ್ರವರಿ 27, ಗುರುವಾರ

ಊಟ ಮುಗಿಸುವ ಹೊತ್ತಿಗೆ ಕರೆಂಟು ಹೋಯಿತು. ಸಂಜೆಗೆ ಒಂದು ಮಗುವಿನ ಯೂನಿಫಾರ್ಮ್ ಕೊಡಲೇಬೇಕು. ಹಳೇ ಬೆಲ್ಟು ಹುಡುಕಿ ಚಕ್ರಕ್ಕೆ ಸಿಕ್ಕಿಸಿ ತುಳಿದೆ. ಮೀನಖಂಡ ಬಿಗಿದುಕೊಂಡಿತು, ಮರೆತ ನೆಂಟರನ್ನು ಕಂಡ ಹಾಗೆ. ಬೆರಳು ಚುಚ್ಚಿದರೆ 169.

ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದೆ. 169!

ಕಾಳಿನ ಮಹಿಮೆಯೋ? ನಿನ್ನೆಯೂ ಕಾಳೇ ತಿಂದಿದ್ದೆನಲ್ಲ...

ಮಾರ್ಚ್ 1, ಶನಿವಾರ

ಕಾಲೇಜಿನಲ್ಲಿ ಲಾಜಿಕ್ ಲೆಕ್ಚರರ್ ಒಬ್ಬರಿದ್ದರು. "ಮೆಥಡ್ ಆಫ್ ಡಿಫರೆನ್ಸ್" ಎಂದು ಮೇಜು ಕುಟ್ಟುತ್ತಿದ್ದರು. ಡೆಫಿನಿಷನ್ ಮರೆತಿದೆ, ಕುಟ್ಟಿದ್ದು ನೆನಪಿದೆ. ಎಲ್ಲ ಹಾಗೇ ಇರಲಿ, ಒಂದನ್ನೇ ಬದಲಿಸು. ಆಗ ಕಾಸ್ ಯಾವುದು, ಎಫೆಕ್ಟ್ ಯಾವುದು, ತಾನಾಗಿಯೇ ಬಾಯಿಬಿಡುತ್ತದೆ.

ನಿನ್ನೆ ಅದೇ ಊಟ, ಮೋಟಾರು: 258. ಇವತ್ತು ಅದೇ ಊಟ, ಪೆಡಲು: 172.

ಮೇಜು ಕುಟ್ಟಿದೆ. ಕತ್ತರಿ ಕೆಳಗೆ ಬಿತ್ತು. ತಟ್ಟೆಯನ್ನು ತಿಂಗಳುಗಟ್ಟಲೆ ಬೈದೆ, ತಪ್ಪು ತಟ್ಟೆಯದಲ್ಲ! ಉಂಡದ್ದನ್ನು ಇಷ್ಟು ವರ್ಷ ನನ್ನ ಕಾಲು ಅರಗಿಸುತ್ತಿತ್ತು. ಕಾಲಿಗೆ ಪೆನ್ಷನ್ ಕೊಟ್ಟ ದಿನದಿಂದ ಸಕ್ಕರೆ ರಕ್ತದಲ್ಲೇ ಬಿಡಾರ ಹೂಡಿತು. ಬಿ.ಎ. ಫೇಲಾದವನಲ್ಲ ನಾನು, ಬಿಟ್ಟವನು. ದೇರ್ ಈಸ್ ಎ ಡಿಫರೆನ್ಸ್.

ಆದರೆ... ಅವಳಿಗೆ ಹೇಗೆ ಹೇಳುವುದು? ಇನ್ನೊಂದೆರಡು ಸಲ ನೋಡೋಣ. ಅಲ್ಲಿಯವರೆಗೆ ಅವಳಿದ್ದಾಗ ಮೋಟಾರು, ಇಲ್ಲದಾಗ ಪೆಡಲು.

ಮಾರ್ಚ್ 6, ಗುರುವಾರ. ಸಂಜೆ

ಸಿಕ್ಕಿಬಿದ್ದೆ. ಆಫೀಸಿನಲ್ಲಿ ನೀರಿನ ಪೈಪು ಒಡೆಯಿತಂತೆ, ಮಗಳು ಮಧ್ಯಾಹ್ನವೇ ಬಂದುಬಿಟ್ಟಳು. ನಾನು ತುಳಿಯುತ್ತಿದ್ದೆ. ಮೋಟಾರಿನ ಬೆಲ್ಟು ಕಿಟಕಿಗೆ ನೇತಾಡುತ್ತಿತ್ತು.

"ಮೋಟಾರ್ ಕೆಟ್ಟಿದೆಯಾ?"

"ಇಲ್ಲಮ್ಮ."

"ಕರೆಂಟ್ ಇಲ್ವಾ?"

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಸುಳ್ಳಿಗೂ ಜಾಗವಿರಲಿಲ್ಲ. "ಇದೆ."

"ಮತ್ತೆ? ಇಷ್ಟ ಆಗ್ಲಿಲ್ಲ ಅಂದ್ರೆ ಮೊದಲೇ ಹೇಳ್ಬೇಕಿತ್ತು." ದನಿ ಸಣ್ಣದಾಯಿತು. ಅದೊಂದನ್ನು ನನ್ನ ಕೈಯಲ್ಲಿ ತಡೆಯಲು ಆಗುವುದಿಲ್ಲ. ಎಲ್ಲ ಹೇಳಿದೆ. ಲಾಜಿಕ್ ಲೆಕ್ಚರರ್‌ನಿಂದ ಶುರುಮಾಡಿ.

"ನಿಲ್ಲು ನಿಲ್ಲು. ಎಷ್ಟು ಸಲ ನೋಡಿದೀಯ?"

"ಪೆಡಲು ನಾಲ್ಕು, ಮೋಟಾರು ಮೂರು."

"ಊಟ ಒಂದೇ ಥರಾನಾ? ಹೌದೋ ಇಲ್ವೋ, ಅಷ್ಟೇ ಹೇಳು."

"ಹೌದು."

"ಅಷ್ಟೇ ಹೊತ್ತಿಗೆ ಚುಚ್ಕೊಂಡ್ಯಾ?"

"ಹೌದು ಮೈ ಲಾರ್ಡ್."

"ಸಾಕ್ಷಿ ಯಾರು?"

"ನಾನು!" — ಗೋಡೆಯಾಚೆಯಿಂದ ಇಸ್ತ್ರಿಯವನು. "ನನ್ನ ಬೆರಳಿಂದಾನೂ ರಕ್ತ ತೆಗೆದಿದಾರೆ, ಅದನ್ನೂ ಕೇಸಿಗೆ ಸೇರಿಸಮ್ಮ!"

ಅವಳು ನಗಲಿಲ್ಲ. ಸ್ಟೂಲಿನ ಮೇಲೆ ಕೂತು ಮೋಟಾರನ್ನೇ ನೋಡಿದಳು. "ಅಂದ್ರೆ ನಾನು ತಂದು ಹಾಕಿದ್ದೇ ನಿನಗೆ..."

"ಅದು ಚೆನ್ನಾಗೇ ಕೆಲಸ ಮಾಡಿತಮ್ಮ. ಕಾಲಿನ ಕೆಲಸಾನೂ ಅದೇ ಮಾಡ್ಬಿಡ್ತು, ಅಷ್ಟೇ."

ಆಮೇಲೆ ಎದ್ದು, ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟಳು. "ಬೆಳಿಗ್ಗೆ ಮೋಟಾರು. ಊಟ ಆದ್ಮೇಲೆ ಪೆಡಲು. ಮಾತ್ರೆ ತಪ್ಪಿಸೋ ಹಾಗಿಲ್ಲ. ಅಪ್ಪ ಅನ್ನೋರು ಮಗಳ ಹತ್ರ ಕದ್ದುಮುಚ್ಚಿ ಏನೂ ಮಾಡೋ ಹಾಗಿಲ್ಲ. ಮೇಲ್ಮನವಿಗೆ ಅವಕಾಶ ಇಲ್ಲ."

ಏನು ಸ್ಪಷ್ಟತೆ! ಏನು ಗತ್ತು! ಸೋತವನು ನಾನು, ಎದೆಯುಬ್ಬಿದವನೂ ನಾನೇ.

ಮಾರ್ಚ್ 19, ಬುಧವಾರ

ಲ್ಯಾಬಿನಲ್ಲೇ 174. ಸಕ್ಕರೆ ಡಾಕ್ಟರಿಗೆ ಮೆಥಡ್ ಆಫ್ ಡಿಫರೆನ್ಸ್ ವಿವರಿಸಿದೆ. ಪೂರ್ತಿ ಕೇಳಿದರು, ಪಾಪ. ಉಂಡ ಮೇಲೆ ಕಾಲಿನ ಸ್ನಾಯು ಆಡುತ್ತಿದ್ದರೆ ರಕ್ತದ ಸಕ್ಕರೆಯನ್ನು ಅದು ಎಳೆದುಕೊಳ್ಳುತ್ತದಂತೆ, ನಡೆದರೂ ಅಷ್ಟೇ, ತುಳಿದರೂ ಅಷ್ಟೇ. ಎಲ್ಲರಿಗೂ ಇಷ್ಟು ಇಳಿಯುತ್ತದೆ ಅನ್ನುವ ಹಾಗಿಲ್ಲ, ಪರೀಕ್ಷೆ ಬಿಡಬೇಡಿ ಅಂದರು. "ನಿಮ್ಮ ಹಾಗೆ ಕಾರಣ ಹುಡುಕಿಕೊಂಡು ಬರೋರು ಕಡಿಮೆ" ಎಂದೂ ಅಂದರು. ಇದನ್ನು ಇಸ್ತ್ರಿಯವನಿಗೆ ಎರಡು ಸಲ ಹೇಳಿದೆ.

ಬರುವ ಬುಧವಾರ ಕಣ್ಣು.

ಏಪ್ರಿಲ್ 24, ಗುರುವಾರ

ಪೊರೆ ತೆಗೆದು ತಿಂಗಳಾಯಿತು, ಬರೆಯಲು ಅನುಮತಿ ಸಿಕ್ಕಿತು. ಗೋಡೆ ಇಷ್ಟು ಕೊಳೆ ಎಂದು ಯಾರೂ ಹೇಳಿರಲಿಲ್ಲ. ಫೋಟೋದಲ್ಲಿ ತೀರಿಹೋದ ನನ್ನ ಹೆಂಡತಿ ಹೊದ್ದ ಶಾಲು ನೀಲಿ. ಎಂಥಾ ನೀಲಿ! ಎರಡು ವರ್ಷದಿಂದ ಬೂದಿಬಣ್ಣದ ಶಾಲಿಗೆ ಗುಡ್‌ಮಾರ್ನಿಂಗ್ ಹೇಳುತ್ತಿದ್ದೆ.

ಇನ್ನೂ ಮೂರು ವಾರ ಹೊಲಿಗೆ ಬೇಡವಂತೆ. ಊಟದ ನಂತರ ಬಟ್ಟೆಯಿಲ್ಲದೆ ಖಾಲಿ ಮಷೀನು ತುಳಿಯುತ್ತೇನೆ. ಬೀದಿಯವರು ನೋಡಿ ತಲೆ ಕೆಟ್ಟಿದೆ ಅಂದುಕೊಂಡಿದ್ದಾರೆ. ಲೆಟ್ ದೆಮ್.

ಮೇ 29, ಗುರುವಾರ

ಟ್ರಯಲ್. ಕಪ್ಪಿನ ಮೇಲೆ ಕಪ್ಪು ಒಂದೊಂದು ಹೊಲಿಗೆಯೂ ಕಾಣುತ್ತದೆ, ಇರುವೆ ಸಾಲಿನ ಹಾಗೆ. ಪುಸ್ತಕದ ಚೀಲ ಹೊತ್ತು ಹೊತ್ತು ಅವಳ ಎಡಭುಜ ಕಾಲಂಗುಲ ಇಳಿದಿದೆ. ಯಾವ ರೆಡಿಮೇಡಿಗೆ ಅದು ಗೊತ್ತು? ಒಳಗೆ ತೆಳ್ಳಗೆ ಪ್ಯಾಡು ಕೊಟ್ಟೆ. ಸಮವಾಯಿತು.

ಕಾಲರು ಸರಿಮಾಡುವಾಗ ಕಂಡಿತು. ಕಿವಿಯ ಮೇಲೆ ಬಿಳಿಕೂದಲು. ಒಂದೆರಡಲ್ಲ.

"ಇದ್ಯಾವಾಗಮ್ಮ?"

"ಆಗ್ಲೇ ಮೂರು ವರ್ಷ ಆಯ್ತು. ನಿನಗೆ ಕಾಣ್ಲಿಲ್ಲ ಅಂತ ನಾನು ಖುಷಿಯಾಗಿದ್ದೆ."

ಟೇಪು ಕೊರಳಿಗೆ ಹಾಕಿಕೊಂಡು ಆ ಕೂದಲನ್ನು ಕಿವಿಯ ಹಿಂದೆ ಸರಿಸಿದೆ. ಇವಳು ಓದಿದ್ದು ಎಂಥ ಓದು ಎಂದು ಮಾರ್ಕ್ಸ್ ಕಾರ್ಡು ನನಗೆ ಹೇಳಿರಲಿಲ್ಲ.

"ಉಸಿರು ಬಿಡಪ್ಪ. ಕೋಟು ಬಿಗಿಯಾಗಿರೋದು ನನಗೆ."

ಜೂನ್ 14, ಶನಿವಾರ. ಸಂಜೆ

ಸಭಾಂಗಣದಲ್ಲಿ ನೂರಾರು ಕಪ್ಪು ಕೋಟು. ಹಿಂದಿನ ಸಾಲಿನಲ್ಲಿ ಕೂತು ಎಲ್ಲವನ್ನೂ ತಪಾಸಣೆ ಮಾಡಿದೆ. ಒಂದರ ತೋಳು ಗಿಡ್ಡ, ಇನ್ನೊಂದರ ಬೆನ್ನು ಉಬ್ಬು. ಭುಜ ನೆಟ್ಟಗೆ ಕೂತದ್ದು ಒಂದೇ ಒಂದು.

ಹೆಸರು ಕರೆದರು. ಪ್ರಮಾಣ ಮಾಡಿದಳು. ದನಿ ನಡುಗಲಿಲ್ಲ. ಕೆಳಗಿಳಿದು ಬರುವಾಗ ಮುಂದಿನ ಸಾಲಿನ ಹಿರಿಯ ವಕೀಲರೊಬ್ಬರು ತಡೆದು ಅವಳ ಕಾಲರನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿದರು. "ಯಾರಮ್ಮ ಇದನ್ನ ಹೊಲಿದದ್ದು?" ಅಷ್ಟು ದೂರಕ್ಕೂ ಕೇಳಿಸಿತು.

ಅವಳು ತಿರುಗಿದಳು. ಸಾಲು ಸಾಲು ಕಣ್ಣಾಡಿಸಿ ನನ್ನನ್ನು ಹುಡುಕಿದಳು. ಕೈಯೆತ್ತಿ ತೋರಿಸಿದಳು. ಅಷ್ಟೂ ಕಪ್ಪು ಕೋಟುಗಳು ತಿರುಗಿ ನೋಡಿದವು. ನಾನು ಎದ್ದು ನಿಂತೆ. ಯಾಕೆ ಎದ್ದೆನೋ ಗೊತ್ತಿಲ್ಲ, ಯಾರೂ ಕರೆದಿರಲಿಲ್ಲ. ನಿಂತವನಿಗೆ ಕೈ ಎಲ್ಲಿಡಬೇಕೋ ತಿಳಿಯದೆ, ಕೊರಳಲ್ಲಿಲ್ಲದ ಟೇಪನ್ನು ಸರಿಮಾಡಿಕೊಂಡೆ.