ಅಪ್ಪಚ್ಚನ ಕಿವಿಯಲ್ಲಿ ಹೇಳಬೇಕಾದ ಮೂರು ಹೆಸರು

ಕೋಟ್ಟಯಂ
ಬುಧವಾರ, ಫೆಬ್ರವರಿ 12, 2014
ಮಧ್ಯಾಹ್ನ ಒಂದೂವರೆ

ಪ್ರೀತಿಯ ಅಕ್ಕ, ನನ್ನ ರೋಸಿಲಿ ಚೇಚ್ಚಿಗೆ,

ನಿನ್ನ ಮಂಡಿನೋವು ಹೇಗಿದೆ? ಕಲ್ಲುನೆಲದ ಮೇಲೆ ಮೊಣಕಾಲೂರಿ ಬಂದ ನೋವಿಗೆ ನಾನು ಕಳಿಸಿದ ತೈಲ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಅದನ್ನೂ ದೇವರಿಗೆ ಒಪ್ಪಿಸಿ ಕಪಾಟಿನಲ್ಲಿಟ್ಟಿದ್ದೀಯೋ? ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು ತಾನೆ? ಚೆನ್ನಾಗಿಲ್ಲ. ಮೂರು ದಿನದಿಂದ ಐಸಿಯು ಹೊರಗಿನ ಕಬ್ಬಿಣದ ಬೆಂಚೇ ನನ್ನ ಮನೆ. ಹದಿನಾಲ್ಕು ವರ್ಷ ಇದೇ ಬಾಗಿಲಿನ ಒಳಗೆ ನರ್ಸ್ ಆಗಿ ದುಡಿದಿದ್ದೇನೆ, ಹೊರಗಿನ ಬೆಂಚು ಇಷ್ಟು ತಣ್ಣಗಿರುತ್ತದೆ ಅಂತ ಗೊತ್ತೇ ಇರಲಿಲ್ಲ. ನಿಮ್ಮ ಮಠದ ಮದರ್ ಸುಪೀರಿಯರ್ ಹತ್ತಿರ ಫೋನಿನಲ್ಲಿ ಹೇಳಿ ಕಳಿಸಿದ್ದು ನಿನ್ನನ್ನು ಮುಟ್ಟುವಷ್ಟರಲ್ಲಿ ಅರ್ಧ ಸೋರಿಹೋಗುತ್ತದೆ, ಅದಕ್ಕೇ ಕಾಗದ. ಪಕ್ಕದ ಮನೆಯ ಕುರಿಯಾಚ್ಚನ್ ಚೇಟ್ಟನ್ ಮೂರು ಗಂಟೆಯ ಬಸ್ಸಿಗೆ ನಿಮ್ಮ ಕಡೆ ಹೊರಡುತ್ತಾರೆ. ಸಂಜೆಯೊಳಗೆ ನಿಮ್ಮ ಮೌನಮಠದ ಗೋಡೆಯಲ್ಲಿ ಹೊರಗಿನವರು ಸಾಮಾನು ಇಡುವ ಆ ತಿರುಗುವ ಪೆಟ್ಟಿಗೆಯೊಳಗೆ ಇದನ್ನಿಟ್ಟು ಗಂಟೆ ಬಾರಿಸುತ್ತಾರೆ.

ಅಪ್ಪಚ್ಚನ ಶ್ವಾಸಕೋಶ ಒಣಗಿದ ಹೀರೇಕಾಯಿಯ ಹಾಗಾಗಿದೆ. ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿ ಯಂತ್ರದಿಂದ ಗಾಳಿ ಒತ್ತುತ್ತಿದ್ದಾರೆ. ಮಾತಾಡಲು ಆಗದು. ಕಿವಿ ಚುರುಕಾಗಿದೆ, ಬೇಕಾದ್ದನ್ನು ಹಾಳೆಯ ಮೇಲೆ ಬರೆಯುತ್ತಾರೆ. ಗಂಟಲಿಗೆ ಕೊಳವೆ ಇಳಿಸಿದರೆ ಇನ್ನೊಂದು ವಾರ ಎಳೆಯಬಹುದು, ಆದರೆ ಮತ್ತೆ ಎಚ್ಚರವಾಗುವುದಿಲ್ಲ ಅಂದರು ಡಾಕ್ಟರು. ಬೇಡ ಅಂತ ಸಹಿ ಹಾಕಿದವಳು ನಾನು, ಒಬ್ಬಳೇ. ಅಪ್ಪಚ್ಚನನ್ನು ಕೇಳಲೂ ಇಲ್ಲ. ಈ ಸ್ಥಿತಿಯಲ್ಲಿ ನಾಳೆ ಸಂಜೆಯವರೆಗೆ ಎಚ್ಚರವಿದ್ದರೆ ಹೆಚ್ಚು, ಆಮೇಲೆ ತಾವಾಗಿಯೇ ಮಂಪರಿಗೆ ಜಾರುತ್ತಾರಂತೆ.

ಮಠ ಬಿಟ್ಟು ಇಲ್ಲಿಗೆ ಬರಲು ಮದರ್ ನಿನಗೆ ಅನುಮತಿ ಕೊಟ್ಟರಂತೆ. ನೀನೇ ಬೇಡ ಅಂದೆಯಂತೆ. "ಇಲ್ಲಿಂದಲೇ ಪ್ರಾರ್ಥಿಸುತ್ತೇನೆ, ಅಪ್ಪಚ್ಚನ ಮಾತು ಮೀರಲಾರೆ" ಅಂದೆಯಂತೆ. ಅದನ್ನು ಕೇಳಿ ನನಗೆ ಮೈ ಉರಿದುಹೋಯಿತು. ಹದಿನೆಂಟು ವರ್ಷದ ಹಿಂದೆ ನೀನು ಮಠ ಸೇರಲು ಪೆಟ್ಟಿಗೆ ಹಿಡಿದು ಮೆಟ್ಟಿಲಿಳಿಯುವಾಗ ಅಪ್ಪಚ್ಚನ್ "ಹೋಗು, ನಾನು ಸಾಯುವಾಗಲೂ ಬರಬೇಡ" ಅಂದರು, ನಿಜ. ಮೀನು ಸಾರಿಗೆ ಉಪ್ಪು ಜಾಸ್ತಿಯಾದ ದಿನ ಅಮ್ಮಚ್ಚಿಗೂ "ಇನ್ನು ಈ ಮನೇಲಿ ಊಟ ಮಾಡಲ್ಲ" ಅನ್ನುತ್ತಿದ್ದರಲ್ಲ, ಸಂಜೆಗೆ ಎರಡು ಸಲ ಬಡಿಸಿಕೊಳ್ಳುತ್ತಿರಲಿಲ್ಲವೇ? ಆ ಮಾತನ್ನು ಮಾತ್ರ ನೀನು ಕಲ್ಲಿನಲ್ಲಿ ಕೆತ್ತಿ ಇಟ್ಟುಕೊಂಡೆ. ಹಟದಲ್ಲಿ ನೀನು ಅವರ ಮಗಳೇ, ಅನುಮಾನವಿಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ಒಳಗಿದ್ದಾಗ ಎಷ್ಟು ಮನೆಯವರಿಗೆ ಬುದ್ಧಿ ಹೇಳಿಲ್ಲ ನಾನು! ಸಾಯುವವರಿಗೆ ಸುಳ್ಳು ಹೇಳಬೇಡಿ, ಅವರಿಗೂ ಹೇಳಿಹೋಗುವುದು ಇರುತ್ತದೆ ಅಂತ. ಸ್ವಂತ ಅಪ್ಪ ಹಾಳೆಯ ಮೇಲೆ "ಮನೆಗೆ ಯಾವಾಗ?" ಅಂತ ಬರೆದು ತೋರಿಸಿದಾಗ, "ಸೋಮವಾರ ವಾರ್ಡಿಗೆ ಹಾಕ್ತಾರೆ ಅಪ್ಪಚ್ಚಾ, ಆಮೇಲೆ ಮನೆಗೇ" ಅಂದುಬಿಟ್ಟೆ. ಮುಖವಿಡೀ ನಗು ಬೇರೆ. ಅವರು ನಂಬಿದರು, ಕಣ್ಣು ಮುಚ್ಚಿ ಮಲಗಿದರು.

ಇವತ್ತು ಬೆಳಿಗ್ಗೆ ಹತ್ತಕ್ಕೆ ಒಳಗೆ ಹೋಗಿ ನೋಡಲು ಏಲಿಯಾಮ್ಮ ಅಮ್ಮಾಯಿಯ ಸರದಿ. ಒಬ್ಬೊಬ್ಬರಿಗೇ ಐದು ನಿಮಿಷ. ಅಮ್ಮಾಯಿ ನೋಡಿದಳು, ತನ್ನ ತಮ್ಮ ಕಣ್ಣು ಮುಚ್ಚಿದ್ದಾನೆ, ಬಾಯಿಗೆ ಮಾಸ್ಕ್ ಇದೆ, ಪಕ್ಕದಲ್ಲಿ ಯಂತ್ರ ಕಿರುಚುತ್ತಿದೆ. ಕೊನೇ ಗಳಿಗೆ ಬಂದೇಬಿಟ್ಟಿತು ಅಂದುಕೊಂಡು ಬಗ್ಗಿ ಕಿವಿಯಲ್ಲಿ ಶುರುಮಾಡಿದಳು: "ಈಶೋ, ಮರಿಯಂ, ಔಸೇಪ್ಪೇ! ಈಶೋ, ಮರಿಯಂ, ಔಸೇಪ್ಪೇ!"

ಚೇಚ್ಚಿ, ಬೇರೆ ಯಾರ ಕಿವಿಯಲ್ಲಿ ಹೇಳಿದ್ದರೂ ಪ್ರಾರ್ಥನೆ ಅಂದುಕೊಳ್ಳುತ್ತಿದ್ದರೇನೋ. ನಮ್ಮ ಚರ್ಚಿನ ಸುತ್ತಿನಲ್ಲಿ ಯಾರೇ ಕೊನೆಯುಸಿರು ಎಳೆಯತೊಡಗಿದರೂ ಕಿವಿಯಲ್ಲಿ ಯೇಸು, ಮರಿಯ, ಜೋಸೆಫರ ಆ ಮೂರು ಹೆಸರು ಹೇಳಲು ಕರೆಯುತ್ತಿದ್ದದ್ದು ಅಪ್ಪಚ್ಚನನ್ನೇ ಅಲ್ಲವೇ? ಇಂಜಿನ್ ಸದ್ದಿನ ಮೇಲೆ ಕೂಗಿ ಬೋಟು ನಡೆಸಿದ ಗಂಟಲು, ಸಾಯುವವರಿಗೆ ಚೆನ್ನಾಗಿ ಕೇಳಿಸುತ್ತದೆ ಅಂತ. ಮೇಣದಬತ್ತಿ ಹಿಡಿದು ಹಿಂದೆ ಹೋಗುತ್ತಿದ್ದವಳು ನೀನು. ಅಮ್ಮಚ್ಚಿ ಹೋಗುವಾಗಲೂ ಅವರೇ ಹೇಳಿದ್ದು. ಅದನ್ನು ಯಾವಾಗ ಹೇಳುತ್ತಾರೆ ಅಂತ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಪ್ಪಚ್ಚನ್ ಕಣ್ಣು ಬಿಟ್ಟರು. ಗಾಜಿನಾಚೆಯಿಂದ ನೋಡುತ್ತಿದ್ದೆ, ನಾಡಿ ನೂರಾನಲವತ್ತು ದಾಟಿತು, ಮಾಸ್ಕ್ ಕಿತ್ತುಹಾಕಲು ಹೋದರು. ನಾನು ಒಳಗೆ ನುಗ್ಗಿದೆ. ಅಮ್ಮಾಯಿ "ಅಯ್ಯೋ ದೇವರೇ, ಬದುಕಿದಾನೆ ಕಣೇ!" ಅಂತ ಗೋಡೆಗೆ ಒರಗಿಬಿಟ್ಟಳು. ಅಪ್ಪಚ್ಚನ್ ಹಾಳೆಯ ಮೇಲೆ ಬರೆದು ನನ್ನ ಮುಖಕ್ಕೆ ಹಿಡಿದರು: "ಸೋಮವಾರ?" ಅಷ್ಟೇ. ನನಗೆ ಅಲ್ಲೇ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಪ್ರಸೀದ ಬಂದಳು. ನಾನೇ ಕೆಲಸ ಕಲಿಸಿದ ನರ್ಸ್ ಹುಡುಗಿ. ಮೊದಲ ದಿನವೇ "ಚೇಚ್ಚಿ, ಇಲ್ಲಿ ನೀವು ಮಗಳು, ನರ್ಸ್ ಅಲ್ಲ. ಸಿರಿಂಜ್ ಮುಟ್ಟಿದ್ರೆ ಕೈಗೆ ಹೊಡೀತೀನಿ" ಅಂದಿದ್ದಳು. ಅಮ್ಮಾಯಿಯನ್ನು ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಸ್ಟೂಲು ಎಳೆದು ಕೂರಿಸಿ ನೀರು ಕೊಟ್ಟಳು. ಪರದೆ ಎಳೆದು, ಯಂತ್ರದ ಸದ್ದು ತಗ್ಗಿಸಿ, ಅಪ್ಪಚ್ಚನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಅವರ ಕಣ್ಣಿನ ಮಟ್ಟಕ್ಕೆ ಬಗ್ಗಿ ಕೂತಳು. "ಸೆಲಿನ್ ಚೇಚ್ಚಿಗೆ ಹೇಳೋಕೆ ಧೈರ್ಯ ಬರ್ಲಿಲ್ಲ ಅಪ್ಪಚ್ಚಾ. ನಿಮ್ಮ ಮೇಲಿನ ಪ್ರೀತಿಗೆ ಸುಳ್ಳು ಹೇಳಿದ್ರು. ಹೌದು, ಇನ್ನು ಹೆಚ್ಚು ದಿನ ಇಲ್ಲ. ಉಸಿರು ಕಟ್ಟಿ ಒದ್ದಾಡೋಕೆ ನಾನು ಬಿಡಲ್ಲ, ಔಷಧಿ ನನ್ನ ಹತ್ರ ಇದೆ. ಗಂಟಲಿಗೆ ಕೊಳವೆ ಬೇಕಾ, ಬೇಡ್ವಾ? ಅದನ್ನ ನೀವೇ ಹೇಳಿ" ಅಂದಳು. ಅಪ್ಪಚ್ಚನ್ ಬೇಡ ಅಂತ ಬೆರಳು ಆಡಿಸಿದರು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟರು. ನಾನು ಆಗ ಅತ್ತಿದ್ದು, ಚೇಚ್ಚಿ, ಮೂರು ದಿನದ್ದೆಲ್ಲ ಸೇರಿಸಿ ಅತ್ತೆ.

ನನ್ನನ್ನು ಹೊರಗೆ ಕಳಿಸಿ ಪ್ರಸೀದ ಇನ್ನೂ ಒಳಗೇ ಕೂತಿದ್ದಾಳೆ. ಅವಳ ಊಟದ ಡಬ್ಬಿ ಹಾಗೇ ಇದೆ. ನಾನಿಲ್ಲಿ ಇದನ್ನು ಬರೆಯುತ್ತಿದ್ದೇನೆ. ಬಾ ಚೇಚ್ಚಿ. ನಾಳೆ ಬೆಳಗಿನ ಮೊದಲ ಬಸ್ಸು ಹಿಡಿದರೆ ಹನ್ನೊಂದಕ್ಕೆ ಇಲ್ಲಿರುತ್ತೀಯ. ಇದು ಜಗಳ ಗೆಲ್ಲುವ ಹೊತ್ತಲ್ಲ. ಅವರ ಎಚ್ಚರ ತಪ್ಪಿದ ಮೇಲೆ ಬಂದು ಶವಪೆಟ್ಟಿಗೆಯ ಪಕ್ಕ ಮೊಣಕಾಲೂರಿದರೆ ನಾನು ನಿನ್ನನ್ನು ಮಾತಾಡಿಸುವುದಿಲ್ಲ, ಹೇಳಿದ್ದೇನೆ.

ಮದರ್‌ಗೂ ಉಳಿದ ಸಿಸ್ಟರುಗಳಿಗೂ ನನ್ನ ನಮಸ್ಕಾರ ಹೇಳು. ಅಮ್ಮಾಯಿ ನಿನಗೆ ಮುತ್ತು ಕಳಿಸಿದ್ದಾಳೆ.

ನಿನ್ನ ತಂಗಿ,
ಸೆಲಿನ್

ತಾ.ಕ.: ಕುರಿಯಾಚ್ಚನ್ ಚೇಟ್ಟನ್ ಚೀಲ ಹೆಗಲಿಗೆ ಹಾಕಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಪ್ರಸೀದ ಈಗ ಹೊರಗೆ ಬಂದಳು. ಕೊನೇ ಹೊತ್ತು ಬಂದಾಗ ನಿಮ್ಮ ಕಿವಿಯಲ್ಲಿ ಆ ಮೂರು ಹೆಸರು ಯಾರು ಹೇಳಬೇಕು, ಏಲಿಯಾಮ್ಮ ಅಮ್ಮಾಯಿ ಹೇಳಬಹುದಾ ಅಂತ ಅಪ್ಪಚ್ಚನನ್ನೇ ಕೇಳಿದಳಂತೆ. ಅವರು ಬರೆದ ಹಾಳೆಯನ್ನು ಇದರೊಳಗೆ ಮಡಿಸಿ ಇಟ್ಟಿದ್ದೇನೆ. ಅಕ್ಷರ ವಕ್ರವಾಗಿದೆ, ನಿನಗೆ ತಿಳಿಯದಿದ್ದರೆ ಅಂತ ನಾನೂ ಬರೆಯುತ್ತೇನೆ: "ಅವಳಿಗೆ ಆತುರ. ನನ್ನ ರೋಸಿಲಿ ಹೇಳಲಿ." ಬಸ್ಸು ತಪ್ಪಿದರೆ ಮದರ್ ಫೋನಿನಿಂದ ಪ್ರಸೀದಳಿಗೆ ಮಾಡು, ನಂಬರು ಹಾಳೆಯ ಹಿಂದೆ ಇದೆ. ಯಾವ ಹೊತ್ತಾದರೂ ಅವಳು ಫೋನನ್ನು ಅಪ್ಪಚ್ಚನ ಕಿವಿಗೆ ಹಿಡಿಯುತ್ತಾಳೆ. ಮೌನಮಠದವಳು ಅಂತ ಪಿಸುಗುಟ್ಟಬೇಡ ಚೇಚ್ಚಿ. ಜೋರಾಗಿ ಹೇಳು, ಅವರು ಹೇಳುತ್ತಿದ್ದ ಹಾಗೆ.