ಟವಲಿನ ಕೆಳಗಿನ ಬೆಲೆ

ಫೆಬ್ರುವರಿ 3
ಎಮ್ಮೆಯ ಮೈ ತೊಳೆದೆ. ಕೊಂಬಿಗೆ ಎಣ್ಣೆ. ನಾಳೆ ಸಂತೆ. ಕರುವಿದ್ದಾಗಿನಿಂದ ಸಾಕಿದವಳು ನಾನು, ಮಾರುವವಳೂ ನಾನೇ. ಹೋದ ವರ್ಷ ಒಂದನ್ನು ಅಣ್ಣ ಸಿದ್ದರಾಮೇಶ ಮಾರಿದ. ದಲ್ಲಾಳಿಯೂ ಅವನೂ ಯಾರಿಗೂ ಕಾಣದಂತೆ ಟವಲಿನ ಕೆಳಗೆ ಒಬ್ಬರ ಬೆರಳೊಬ್ಬರು ಹಿಡಿದು, ಬೆರಳೆಣಿಕೆಯಲ್ಲೇ ಬೆಲೆ ಮುಗಿಸಿದರು. ಪಕ್ಕದಲ್ಲೇ ಇದ್ದೆ. ಕಂಡದ್ದು ಟವಲು ಮಾತ್ರ.

ಫೆಬ್ರುವರಿ 4, ರಾತ್ರಿ
ಎಮ್ಮೆ ವಾಪಸ್.
ದಲ್ಲಾಳಿ ಖಂಡಪ್ಪ ಹಲ್ಲು ನೋಡಿದ. ಹೆಗಲ ಟವಲು ತೆಗೆದ. ಸುತ್ತ ನೋಡಿದ.
"ಗಂಡಸರು ಯಾರ ಬಂದಾರವ್ವಾ?"
"ನಾನ ಬಂದೇನಿ. ಬೆಲೆ ಹೇಳ್ರಿ."
"ಹೆಣ್ಮಕ್ಕಳ ಕೈ ಹ್ಯಾಂಗ ಹಿಡೀಲಿ?"
"ಕೈ ಯಾಕ? ಬಾಯಿ ಇಲ್ಲೇನ್ರಿ ನಿಮಗ?"
ಸಂತೆ ನಕ್ಕಿತು. ಅವನು ಉರಿದುಬಿದ್ದ. ಆಮೇಲೆ ಒಬ್ಬ ಗಿರಾಕಿಯೂ ಹತ್ತಿರ ಸುಳಿಯಲಿಲ್ಲ. ನಾನು ಭಾಷಣ ಮಾಡಿದೆ — ನಮ್ಮ ಕೇರಿಯ ಸಂಘಟನೆಯಲ್ಲಿ ಕಲಿತದ್ದೆಲ್ಲ. ಚಪ್ಪಾಳೆ ಬಂತು. ಬೆಲೆ ಬರಲಿಲ್ಲ.

ಫೆಬ್ರುವರಿ 6
ಅಪ್ಪನಿಗೆ ಹೇಳಿದೆ. ನಗಲಿಲ್ಲ.
ಅವನ ಕಾಲಕ್ಕೆ ನಮ್ಮ ಕೇರಿಯವರ ಕೈಯನ್ನು ಯಾವ ದಲ್ಲಾಳಿಯೂ ಮುಟ್ಟುತ್ತಿರಲಿಲ್ಲ. ದೂರ ನಿಂತು ಕೈ ಎತ್ತಿ ಬೆರಳು ತೋರಿಸಬೇಕು. ಅಪ್ಪನ ಬೆಲೆ ಇಡೀ ಸಂತೆಗೆ ಗೊತ್ತು. ಮೇಲಿನ ಕೇರಿಯವರು ಟವಲಿನೊಳಗೆ ಮುಗಿಸಿದ ಬೆಲೆ ಅಪ್ಪನಿಗೆ ಗೊತ್ತಿಲ್ಲ. ನಮಗೆ ಬಯಲು, ಅವರಿಗೆ ಟವಲು. ಹೋರಾಡಿದೆವು. ಈಗ ಅಣ್ಣನ ಕೈ ಹಿಡಿಯುತ್ತಾರೆ. ಅಣ್ಣನೂ ಟವಲಿನೊಳಗೆ ಹೋಗಿ ಕೂತ...
ನನಗೆ ಆ ಟವಲಿನೊಳಗೆ ಜಾಗ ಬೇಡ. ಟವಲೇ ಬೇಡ.

ಫೆಬ್ರುವರಿ 11, ಸಂಜೆ
ಮಾರಿದೆ! ನಾನೇ ಮಾರಿದೆ!
ಆಡು ಮಾರುವ ಖುರ್ಷಿದ ಜೊತೆಗಿದ್ದಳು. ಸಂತೆಗೆ ಕಾಲಿಟ್ಟೊಡನೆ ಅವಳ ತಾಕೀತು: "ಇವತ್ತ ಭಾಷಣ ಬಂದ್ ಬೇ. ಸಿಟ್ಟು ಮನಿಯಾಗಿಟ್ಟು ಬಂದೀ ಇಲ್ಲೋ?"
ಎಮ್ಮೆಯ ಹಗ್ಗ ಹಿಡಿದು ನಿಂತೆ. ಅಫಜಲಪುರ ಕಡೆಯ ರೈತನೊಬ್ಬ ಬಂದ. ಟವಲಿನಲ್ಲಿ ಎರಡು ಸಲ ಮೋಸ ಹೋದವನಂತೆ. ಬಾಯಿ ಬಿಟ್ಟೇ ಕೇಳಿದ: "ನಲವತ್ತು ಸಾವಿರ." ಜನ ಸೇರಿದರು. ಖಂಡಪ್ಪ ಅಂಚಿನಲ್ಲಿ ನಿಂತು ಮೀಸೆ ತಿರುವುತ್ತಿದ್ದ. ಕುಟುಕುವ ಮಾತು ನನ್ನ ತುಟಿಗೇ ಬಂದಿತ್ತು. ಅಷ್ಟರಲ್ಲಿ ಖುರ್ಷಿದ —
"ಖಂಡಪ್ಪಣ್ಣಾ, ನಮ್ಮ ದನಿ ಯಾರಿಗಿ ಕೇಳಸ್ತದ್ರಿ? ನಿಮ್ಮದು ನಗಾರಿ ಇದ್ದಂಗ ಅದ. ನೀವೇ ಒಂದಿಷ್ಟು ಕೂಗ್ರಿ."
ಖಂಡಪ್ಪ ಉಬ್ಬಿದ. ಟವಲನ್ನು ತಲೆಗೆ ಸುತ್ತಿಕೊಂಡ. ಕೂಗಿದ! ನಲವತ್ತೆರಡು. ನಲವತ್ತನಾಲ್ಕು. ನಲವತ್ತಾರಕ್ಕೆ ನಾನು "ಆತು" ಎಂದೆ.
ಬೆಲೆ ಬಾಯಿ ಬಿಟ್ಟು ಹೇಳುವುದಕ್ಕೆ ಹೋದ ವಾರದ ನನ್ನ ಬಾಯಿ ದಾರಿ ಮಾಡಿತು. ಅವಳ ಸಮಾಧಾನ ಬೆಲೆ ತಂದಿತು. ಒಪ್ಪುತ್ತೇನೆ — ಅವಳಿಗೆ ಹೇಳುವುದಿಲ್ಲ. ತಲೆಮೇಲೆ ಕೂರುತ್ತಾಳೆ.
ಅಪ್ಪ ಕೇಳಿದ್ದು ರೊಕ್ಕವನ್ನಲ್ಲ.
"ಎಲ್ಲಾರಿಗೂ ಕೇಳಸ್ತೇನ, ನಾಗವ್ವಾ? ಅವ್ರ ಬೆಲೆ?"
"ಎಲ್ಲಾರಿಗೂ, ಅಪ್ಪಾ."
"ಹ್ಯಾಂಗ ಕೂಗಿದ?"
ಕೂಗಿ ತೋರಿಸಿದೆ. ಇನ್ನೊಮ್ಮೆ ಅಂದ. ಮತ್ತೆ ಕೂಗಿದೆ. ಈಗ ಅಂಗಳದ ನಡುವೆ ಹೋಗಿ ನಿಂತಿದ್ದಾನೆ. ಕೈ ಎತ್ತಲಿಲ್ಲ, ಬೆರಳು ತೋರಿಸಲಿಲ್ಲ. ತಾನೇ ಕೂಗುತ್ತಿದ್ದಾನೆ — ನಲವತ್ತಾರು! ನಲವತ್ತಾರು! ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿವೆ. ಏನಾಯಿತೆಂದು ಪಕ್ಕದ ಮನೆಯ ನಿಂಬೆವ್ವ ಓಡಿ ಬರುತ್ತಿದ್ದಾಳೆ, ನಾನು ಎದ್ದು —